ನರಸಿಂಹರಾಜು: ತೆಂಗಿನ ಸೀಮೆಯ ನಗೆಗೆ ನಾವು ತೀರಿಸದ ಬಾಕಿ

ಶಾಲೆಯ ದಿನಗಳಲ್ಲಿ ನನಗೊಂದು ಅಡ್ಡಹೆಸರಿತ್ತು. ಮೇಲುಸಾಲಿನ ಹಲ್ಲುಗಳು ತುಟಿಯ ಅಂಕೆ ಮೀರಿ ಮುಂದಕ್ಕೆ ಚಾಚಿದ್ದುದರಿಂದ ಜೊತೆಯ ಹುಡುಗರು ನನ್ನನ್ನು ನರಸಿಂಹರಾಜು ಎಂದು ಕರೆಯುತ್ತಿದ್ದರು. ಮುಂದೆ ಕಂದಾಯ ಇಲಾಖೆಯ ಅಧಿಕಾರಿಯಾಗಿ ಬಾಕಿ ವಸೂಲಿಗೆಂದು ಹಳ್ಳಿ ಹಳ್ಳಿ ಸುತ್ತುತ್ತಿದ್ದಾಗ ಬೆನ್ನ ಹಿಂದೆ ಇನ್ನೊಂದು ಹೆಸರು ಅಂಟಿಕೊಂಡಿತು: ನಕ್ಷತ್ರಿಕ. ಮೊದಲನೆಯದು ನನ್ನ ಮುಖಕ್ಕೆ ಸಂದದ್ದು, ಎರಡನೆಯದು ನನ್ನ ಕೆಲಸಕ್ಕೆ. ಎರಡನ್ನೂ ಬಹುಕಾಲ ನಾನು ಅವಮಾನವೆಂದೇ ಬಗೆದಿದ್ದೆ. 1965ರಲ್ಲಿ ತೆರೆಕಂಡ ‘ಸತ್ಯ ಹರಿಶ್ಚಂದ್ರ’ ಚಿತ್ರದಲ್ಲಿ ನಕ್ಷತ್ರಿಕನ ಪಾತ್ರ ವಹಿಸಿದವರು ನರಸಿಂಹರಾಜು ಅವರೇ. ಹಾಗಾಗಿ ಈ ಎರಡು ಹೆಸರುಗಳೂ ಒಬ್ಬನೇ ಕಲಾವಿದನಿಂದ ನನಗೆ ಬಂದ ಬಳುವಳಿ. ಇಷ್ಟು ಸರಳವಾದ ಸಂಗತಿ ಮನಸ್ಸಿಗೆ ಬರಲು ನಾನು ನಿವೃತ್ತಿಯವರೆಗೆ ಕಾಯಬೇಕಾಯಿತು.

ತಿಪಟೂರಿನ ಈ ಮಗ ಹುಟ್ಟಿದ್ದು 1923ರ ಜುಲೈ 24ರಂದು. ತೀರಿಕೊಂಡದ್ದೂ ಜುಲೈ ತಿಂಗಳಲ್ಲೇ, 1979ರಲ್ಲಿ, ಐವತ್ತಾರು ವರ್ಷ ತುಂಬಲು ಕೆಲವೇ ದಿನಗಳಿರುವಾಗ. 2023ಕ್ಕೆ ಅವರ ಜನ್ಮಶತಮಾನೋತ್ಸವವೂ ಮುಗಿದುಹೋಯಿತು. ನಲವತ್ತು ದಾಟಿದ ಕನ್ನಡಿಗರಿಗೆ ಅವರ ಮುಖ ನೆನಪಾದರೆ ಸಾಕು, ತುಟಿಯಂಚಿನಲ್ಲಿ ನಗೆ ಮೂಡುತ್ತದೆ. ಅದಕ್ಕಿಂತ ಕಿರಿಯರು ಅವರನ್ನು ಮೊಬೈಲಿನಲ್ಲಿ ಓಡಾಡುವ ಹಳೆಯ ಕಪ್ಪುಬಿಳುಪು ತುಣುಕುಗಳಲ್ಲಿ ಕಂಡು, ಹೆಸರು ಕೇಳದೆ ಮುಂದೆ ಹೋಗುತ್ತಾರೆ. ನಗಿಸಿದವನಿಗೆ ಒಂದು ನಾಡು ಏನನ್ನು ಋಣವಾಗಿ ಉಳಿಸಿಕೊಂಡಿರುತ್ತದೆ ಎಂಬ ಪ್ರಶ್ನೆ, ಬದುಕೆಲ್ಲ ಬಾಕಿಯ ಲೆಕ್ಕ ಬರೆದ ನನ್ನಂಥವನಿಗೆ ಬಿಡದೆ ಕಾಡುತ್ತದೆ.

ತಿಪಟೂರು ರಾಮರಾಜು ನರಸಿಂಹರಾಜು ಪೊಲೀಸ್ ಇಲಾಖೆಯಲ್ಲಿದ್ದವರ ಮಗ. ಅಕ್ಷರ ಕಲಿಯಬೇಕಾದ ವಯಸ್ಸಿಗೂ ಮುನ್ನವೇ, ನಾಲ್ಕರ ಎಳವೆಯಲ್ಲಿ, ಅವರು ಸಿ.ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭೆಯನ್ನು ಸೇರಿದರು. ಪ್ರಹ್ಲಾದ, ಲೋಹಿತಾಶ್ವನಂಥ ಬಾಲಪಾತ್ರಗಳೇ ಅವರ ಪಾಠಶಾಲೆಯಾದವು. ಕಂಪನಿ ನಾಟಕದ ಮಕ್ಕಳ ಬಾಳು ಎಂಥದ್ದೆಂದು ಇಂದಿನವರಿಗೆ ವಿವರಿಸುವುದು ಕಷ್ಟ. ಹಗಲು ತಾಲೀಮು, ರಾತ್ರಿ ಬೆಳಗಾಗುವವರೆಗೂ ಆಟ. ಊರಿನಿಂದ ಊರಿಗೆ ಪರದೆ, ಪೆಟ್ಟಿಗೆಗಳೊಂದಿಗೆ ಪ್ರಯಾಣ. ಕಲೆಕ್ಷನ್ ಆದ ದಿನ ಊಟ, ಆಗದ ದಿನ ಅರೆಹೊಟ್ಟೆ. ಕಂಠ ಒಡೆಯುವ ವಯಸ್ಸು ಬಂದರೆ ಬಾಲನಟನ ಕೆಲಸಕ್ಕೇ ಕುತ್ತು. ಆ ಗಂಡಾಂತರವನ್ನು ದಾಟಿಯೂ ಕಂಪನಿಯಲ್ಲಿ ಉಳಿದುಕೊಂಡವನು ಹಾಡುವುದು, ಕುಣಿಯುವುದು, ಹೆಣ್ಣುವೇಷ ಕಟ್ಟುವುದು, ಮಾತು ಮರೆತವನಿಗೆ ಎತ್ತಿಕೊಡುವುದು, ಎಲ್ಲವನ್ನೂ ಬಲ್ಲವನಾಗಿರಬೇಕಿತ್ತು.

ನರಸಿಂಹರಾಜು ಉಳಿದುಕೊಂಡರು. ಒಂದು ಕಂಪನಿ ಮುಳುಗಿದಾಗ ಇನ್ನೊಂದಕ್ಕೆ, ಅದೂ ನಿಂತಾಗ ಮತ್ತೊಂದಕ್ಕೆ ಹೋದರು. ಹಿರಣ್ಣಯ್ಯ ಮಿತ್ರ ಮಂಡಳಿಯಲ್ಲಿ ದುಡಿದರು, ಕೊನೆಗೆ ಗುಬ್ಬಿ ಕಂಪನಿಗೆ ಬಂದರು. ಸಿನಿಮಾದ ಬಾಗಿಲು ತೆರೆಯುವ ಹೊತ್ತಿಗೆ ಅವರಿಗೆ ಮೂವತ್ತು ದಾಟಿತ್ತು, ರಂಗಭೂಮಿಯ ಅನುಭವವೇ ಕಾಲು ಶತಮಾನದಷ್ಟಾಗಿತ್ತು. ತೆರೆಯ ಮೇಲೆ ಅವರು ಸಲೀಸಾಗಿ ನಗಿಸಿದ್ದನ್ನು ಕಂಡು ಅದನ್ನು ಹುಟ್ಟುಗುಣ ಎಂದುಕೊಂಡವರುಂಟು. ಅದು ಹುಟ್ಟುಗುಣವಲ್ಲ, ಇಪ್ಪತ್ತೈದು ವರ್ಷಗಳ ಕೂಲಿ.

ಇಲ್ಲಿ ನಮ್ಮ ಸೀಮೆಯ ಬಗ್ಗೆ ಒಂದು ಮಾತು ಹೇಳಬೇಕು. ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲಿನಲ್ಲಿ ಕಿಟಕಿಯ ಬಳಿ ಕುಳಿತವರಿಗೆ ತುಮಕೂರು ದಾಟಿದ ಮೇಲೆ ತೆಂಗಿನ ತೋಟಗಳು ತಪ್ಪುವುದೇ ಇಲ್ಲ. ಗುಬ್ಬಿ, ನಿಟ್ಟೂರು, ಸಂಪಿಗೆ ರಸ್ತೆ, ಅಮ್ಮಸಂದ್ರ, ತುರುವೇಕೆರೆಯವರು ಇಳಿಯುವ ಬಾಣಸಂದ್ರ, ಬಳಿಕ ತಿಪಟೂರು, ಅದರಾಚೆ ಅರಸೀಕೆರೆ. ಈ ಒಂದೇ ಹಳಿಯ ಮೇಲೆ ಕನ್ನಡದ ಮೂವರು ಮಹಾನ್ ನಗೆಗಾರರು ಹುಟ್ಟಿದರು. ಗುಬ್ಬಿಯಲ್ಲಿ ವೀರಣ್ಣ, ತಿಪಟೂರಿನಲ್ಲಿ ನರಸಿಂಹರಾಜು, ಅರಸೀಕೆರೆಯಲ್ಲಿ ಟಿ.ಎನ್. ಬಾಲಕೃಷ್ಣ. ಕಿವಿ ಸರಿಯಾಗಿ ಕೇಳಿಸದಿದ್ದರೂ ಎದುರಿನವರ ತುಟಿಯ ಚಲನೆ ನೋಡಿ ಮಾತಿಗೆ ಮಾತು ಜೋಡಿಸುತ್ತಿದ್ದ ಬಾಲಣ್ಣ ಮತ್ತು ನರಸಿಂಹರಾಜು ಎಷ್ಟೋ ಚಿತ್ರಗಳಲ್ಲಿ ಜೊತೆಯಾಗಿ ಕಾಣಿಸಿಕೊಂಡರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಸೇರಿದ ತೀರ್ಥಪುರದವರು ತೀ.ನಂ. ಶ್ರೀಕಂಠಯ್ಯನವರು. ಅವರ ‘ಭಾರತೀಯ ಕಾವ್ಯಮೀಮಾಂಸೆ’ ರಸಸಿದ್ಧಾಂತವನ್ನು ಕನ್ನಡಿಗರಿಗೆ ತಿಳಿಯಾಗಿ ವಿವರಿಸಿದ ಗ್ರಂಥ. ಭರತಮುನಿಯ ಎಣಿಕೆಯಲ್ಲಿ ಶೃಂಗಾರದ ಬೆನ್ನಿಗೇ ಬರುವುದು ಹಾಸ್ಯ. ಶಾಸ್ತ್ರದಲ್ಲಿ ಎರಡನೆಯ ಸ್ಥಾನದ ಈ ರಸಕ್ಕೆ ಸಮಾಜದ ಮನ್ನಣೆಯಲ್ಲಿ ಮಾತ್ರ ಕಡೆಯ ಪಂಕ್ತಿ.

ಈ ಸೀಮೆಗೆ ಇಂಥ ನಗೆಯ ಬೆಳೆ ಹೇಗೆ ಬಂತು? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನದೊಂದು ಊಹೆಯಿದೆ. ನಾಟಕ ಕಂಪನಿಗಳು ರೈಲು ನಿಲ್ಲುವ ಊರುಗಳಲ್ಲಿ, ಅದರಲ್ಲೂ ರೊಕ್ಕದ ಬೆಳೆಯ ಸಂತೆ ನಡೆಯುವ ಊರುಗಳಲ್ಲಿ ಕ್ಯಾಂಪ್ ಹಾಕುತ್ತಿದ್ದವು. ತಿಪಟೂರಿನದು ದೇಶದಲ್ಲೇ ದೊಡ್ಡ ಕೊಬ್ಬರಿ ಮಾರುಕಟ್ಟೆಗಳಲ್ಲೊಂದು. ಕೊಬ್ಬರಿ ಮಾರಿ ಕೈಯಲ್ಲಿ ನಾಲ್ಕು ಕಾಸು ಕಂಡ ರೈತನು ಊರಿಗೆ ಮರಳುವ ಮುನ್ನ ಒಂದು ಆಟ ನೋಡುತ್ತಿದ್ದ. ಅಂಥ ಪ್ರೇಕ್ಷಕನಿಗೆ ಹರಿಶ್ಚಂದ್ರನ ಅಳುವೂ ಬೇಕು, ಅಳುವಿನ ನಡುವೆ ಉಸಿರಾಡಲು ನಗುವೂ ಬೇಕು. ಹಿಂದೆ ಪರದೆ ಬದಲಾಗುವಷ್ಟು ಹೊತ್ತು ಮುಂದೆ ನಿಂತು ಸಭೆಯನ್ನು ಹಿಡಿದಿಡಬಲ್ಲ ಹಾಸ್ಯಗಾರನಿಲ್ಲದೆ ಕಂಪನಿಯ ಗಲ್ಲಾಪೆಟ್ಟಿಗೆ ತುಂಬುತ್ತಿರಲಿಲ್ಲ. ಗುಬ್ಬಿ ವೀರಣ್ಣನವರಂಥ ಕಂಪನಿಯ ಯಜಮಾನರೇ ಸ್ವತಃ ಹಾಸ್ಯನಟರಾಗಿ ಹೆಸರು ಮಾಡಿದ್ದು ಸುಮ್ಮನೆ ಅಲ್ಲ.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ‘ಬೇಡರ ಕಣ್ಣಪ್ಪ’ ತೆರೆಕಂಡಿತು. ಗುಬ್ಬಿ ಕಂಪನಿಯ ರಂಗಪರಂಪರೆಯಿಂದ ಬಂದ ಈ ಚಿತ್ರದ ಮೂಲಕ ಮುತ್ತುರಾಜು ಎಂಬ ಯುವಕ ರಾಜ್‌ಕುಮಾರ್ ಆಗಿ ನಾಯಕನಟನಾದ ಕಥೆ ಎಲ್ಲರಿಗೂ ಗೊತ್ತು. ಅದೇ ಚಿತ್ರದಲ್ಲಿ ಅರ್ಚಕರ ಮನೆಯ ಕಾಶಿಯಾಗಿ ನರಸಿಂಹರಾಜು ಕೂಡ ತೆರೆಗೆ ಬಂದರು ಎಂಬುದನ್ನು ಅಷ್ಟೇ ಒತ್ತುಕೊಟ್ಟು ಹೇಳುವವರು ಕಡಿಮೆ. ಕನ್ನಡ ಚಿತ್ರರಂಗದ ಎರಡು ಕಂಬಗಳು ಒಂದೇ ದಿನ ನೆಟ್ಟವು. ಒಂದು ಕಂಬಕ್ಕೆ ನಾವು ಆರತಿ ಎತ್ತಿದೆವು, ಇನ್ನೊಂದಕ್ಕೆ ಒರಗಿಕೊಂಡೆವು.

ಆಗಿನ ಕನ್ನಡ ಚಿತ್ರೋದ್ಯಮದ ಸ್ಥಿತಿ ಹೇಗಿತ್ತೆಂಬುದನ್ನು ಮರೆಯಬಾರದು. ಸ್ಟುಡಿಯೋಗಳು ಮದರಾಸಿನಲ್ಲಿ, ಬಂಡವಾಳವೂ ಬಹುಪಾಲು ಅಲ್ಲಿನದೇ. ತಮಿಳು, ತೆಲುಗು, ಹಿಂದಿ ಚಿತ್ರಗಳ ನಡುವೆ ಕನ್ನಡ ಚಿತ್ರಕ್ಕೆ ಬೆಂಗಳೂರಿನಲ್ಲೇ ಚಿತ್ರಮಂದಿರ ಸಿಗುವುದು ದುಸ್ತರ. ಕೆಲಸವಿಲ್ಲದೆ ಕಲಾವಿದರು ಕಂಗಾಲಾಗಿದ್ದ ಆ ದಿನಗಳಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ಸಿನಿಮಾ ನಟರು ಮತ್ತೆ ಬಣ್ಣದ ಪೆಟ್ಟಿಗೆ ಹೊತ್ತು ನಾಡಿನ ಊರೂರು ತಿರುಗಿ ನಾಟಕವಾಡಿದರು. ಹೀಗೆ ಕೂಡಿಬಂದ ದುಡ್ಡು ಮತ್ತು ಧೈರ್ಯದಿಂದ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ಹೊರಬಂತು. ಇದನ್ನು ನಾನು ಕನ್ನಡದ ಮೊದಲ ಸಹಕಾರಿ ಸಾಹಸಗಳಲ್ಲಿ ಒಂದೆಂದು ಎಣಿಸುತ್ತೇನೆ. ಹಣವಿದ್ದವರ ಕಡೆಗೆ ಕೈಚಾಚದೆ ನಾಲ್ವರು ಕಲಾವಿದರು ತಮ್ಮ ದುಡಿಮೆಯನ್ನೇ ಬಂಡವಾಳ ಮಾಡಿಕೊಂಡರು. ಹಾಸ್ಯನಟನೆಂದರೆ ಕರೆದಾಗ ಬಂದು ನಗಿಸಿ ಹೋಗುವವನಷ್ಟೇ ಎಂದು ತಿಳಿದವರು ಈ ಅಧ್ಯಾಯವನ್ನು ಓದಬೇಕು.

ಅಲ್ಲಿಂದ ಮುಂದಿನದು ಅಂಕಿಗಳೇ ಹೇಳುವ ಕಥೆ. 1954ರಿಂದ 1979ರವರೆಗೆ ಇಪ್ಪತ್ತೈದು ವರ್ಷಗಳಲ್ಲಿ ಅವರು ನಟಿಸಿದ ಚಿತ್ರಗಳು 250ಕ್ಕೂ ಹೆಚ್ಚು. ವರ್ಷಕ್ಕೆ ಸರಾಸರಿ ಹತ್ತು, ಎಂದರೆ ಮೂವತ್ತಾರು ದಿನಗಳಿಗೊಂದು ಚಿತ್ರ. 1954ರಿಂದ 2000ದವರೆಗಿನ ದೀರ್ಘ ವೃತ್ತಿಜೀವನದಲ್ಲಿ ರಾಜ್‌ಕುಮಾರ್ ನಾಯಕರಾಗಿ ನಟಿಸಿದ ಚಿತ್ರಗಳು ಇನ್ನೂರಕ್ಕೆ ಸ್ವಲ್ಪ ಮೇಲೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ದುಡಿಮೆಯ ಪ್ರಮಾಣ ಅರಿವಾಗುತ್ತದೆ. ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಕಾಲ್‌ಷೀಟ್ ಪಡೆದು ಆಮೇಲೆ ನಾಯಕನಟನ ಬಳಿ ಹೋಗುತ್ತಿದ್ದರೆಂದು ಚಿತ್ರರಂಗದ ಹಿರಿಯರು ಹೇಳುತ್ತ ಬಂದಿದ್ದಾರೆ. 1967ರ ‘ನಕ್ಕರೆ ಅದೇ ಸ್ವರ್ಗ’ ಚಿತ್ರದಲ್ಲಿ ಅವರದು ಪ್ರಮುಖ ಪಾತ್ರ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲು ಹಾಡಿದ್ದು ಆ ಚಿತ್ರಕ್ಕೇ. 1974ರಲ್ಲಿ ಅವರೇ ನಿರ್ಮಾಪಕರಾಗಿ ‘ಪ್ರೊಫೆಸರ್ ಹುಚ್ಚೂರಾಯ’ ಮಾಡಿದರು. ಇವೆಲ್ಲ ಮುಖ್ಯವೇ. ಆದರೆ ನನ್ನ ಪಾಲಿಗೆ ನರಸಿಂಹರಾಜು ಎಂದರೆ ಒಂದು ರಾತ್ರಿ, ಒಂದು ಟೆಂಟು ಮತ್ತು ನಮ್ಮ ತಂದೆಯವರ ನಗು.

ನಮ್ಮದು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ಸಣ್ಣ ತೋಟ, ದೊಡ್ಡ ಸಂಸಾರ. ನಮ್ಮ ಸೀಮೆಯ ಉಂಡೆ ಕೊಬ್ಬರಿಯ ಅರ್ಥಶಾಸ್ತ್ರವನ್ನು ಹೊರಗಿನವರು ತಿಳಿಯುವುದು ಅಪರೂಪ. ಬಲಿತ ಕಾಯಿಯನ್ನು ಕಿತ್ತ ಕೂಡಲೇ ಮಾರುವಂತಿಲ್ಲ. ಅದನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಾಡಿಸಿದಾಗ ಗಡಗಡ ಸದ್ದು ಬಂದರೆ ಕೊಬ್ಬರಿ ಆಯಿತೆಂದು ಲೆಕ್ಕ. ಎಂದರೆ ರೈತನ ಒಂದು ವರ್ಷದ ಸಂಪಾದನೆ ಅವನ ತಲೆಯ ಮೇಲಿನ ಅಟ್ಟದಲ್ಲೇ ಇರುತ್ತದೆ, ಕೈಗೆ ಮಾತ್ರ ಬರುವುದಿಲ್ಲ. ಆ ವರ್ಷವನ್ನು ನೂಕಲು ಅವನು ಮಂಡಿಯಲ್ಲಿ ಮುಂಗಡ ತರುತ್ತಾನೆ. ಮುಂಗಡ ಕೊಟ್ಟ ಮಂಡಿಗೇ ಕೊಬ್ಬರಿ ಹಾಕಬೇಕು. ಬೆಳೆ ಕೈಕೊಟ್ಟರೆ ಸಾಲ ನಿಲ್ಲುತ್ತದೆ, ಬಡ್ಡಿ ಓಡುತ್ತದೆ.

1965-66 ದೇಶಕ್ಕೆಲ್ಲ ಬರ ಬಂದ ಕಾಲ. ಹೇಮಾವತಿಯ ನಾಲೆ ನಮ್ಮ ಕಡೆಗೆ ಬರುವುದಕ್ಕೆ ಇನ್ನೂ ಬಹಳ ವರ್ಷಗಳಿದ್ದವು. ಮರಗಳು ಎಳೆಯ ಹರಳುಗಳನ್ನು ಉದುರಿಸಿದವು, ಅಟ್ಟ ಅರ್ಧ ಖಾಲಿಯಾಯಿತು. ನಮ್ಮ ತಂದೆಯವರ ಮುಂಗಡ ಸಾಲವಾಗಿ ನಿಂತಿತು. ಮಂಡಿಯ ಗುಮಾಸ್ತರೊಬ್ಬರು ವಾರಕ್ಕೊಮ್ಮೆ ಬಂದು ನಮ್ಮ ಜಗಲಿಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಅವರು ಬೈದದ್ದಿಲ್ಲ, ಕೂಗಾಡಿದ್ದಿಲ್ಲ. ನೀರು ಕೇಳುವರು, ಮಜ್ಜಿಗೆ ಕೇಳುವರು, ಬಿಸಿಲು ಇಳಿಯಲಿ ಎನ್ನುವರು, ಊಟದ ಹೊತ್ತಾಯಿತೆಂದು ನೆನಪಿಸುವರು. ಸಂಜೆಯವರೆಗೂ ಏಳುತ್ತಿರಲಿಲ್ಲ. ಅವರಿಗೆ ಬಡಿಸಿದ ಮೇಲೆ ಅಮ್ಮನ ತಟ್ಟೆಗೆ ಏನು ಉಳಿಯುತ್ತಿತ್ತೆಂದು ನೋಡುವ ಬುದ್ಧಿ ಆಗ ನನಗಿರಲಿಲ್ಲ. ತಂದೆಯವರು ಅವರೆದುರು ಕೈಕಟ್ಟಿ ನಿಂತಿರುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಆ ವರ್ಷ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಮರುವರ್ಷ ಜಾತ್ರೆಯ ಹೊತ್ತಿಗೆ ಟೂರಿಂಗ್ ಟಾಕೀಸಿಗೆ ‘ಸತ್ಯ ಹರಿಶ್ಚಂದ್ರ’ ಬಂತು. ಸತ್ಯಸಂಧನ ಕಥೆ, ಮಕ್ಕಳು ನೋಡತಕ್ಕದ್ದು ಎಂಬ ನೆಪದಲ್ಲಿ ತಂದೆಯವರು ನಮ್ಮನ್ನೆಲ್ಲ ಕರೆದೊಯ್ದರು. ಧ್ವನಿವರ್ಧಕದಲ್ಲಿ ಘಂಟಸಾಲರ ಭಕ್ತಿಗೀತೆ ಮುಗಿಯುವಷ್ಟರಲ್ಲಿ ನಾವು ನೆಲದ ಮೇಲೆ ಮರಳು ಗುಡ್ಡೆ ಮಾಡಿಕೊಂಡು ಕುಳಿತಿದ್ದೆವು. ರಾಜ್ಯ ಕಳೆದುಕೊಂಡ ಹರಿಶ್ಚಂದ್ರನ ಬೆನ್ನಿಗೆ, ಋಣ ವಸೂಲು ಮಾಡಿ ತರಲೆಂದು ವಿಶ್ವಾಮಿತ್ರನು ತನ್ನ ಶಿಷ್ಯ ನಕ್ಷತ್ರಿಕನನ್ನು ಕಳಿಸುತ್ತಾನೆ. ಕಾಶಿಯ ದಾರಿಯುದ್ದಕ್ಕೂ ಅವನು ಅರಸನನ್ನು ಕಾಡಿದ್ದೇ ಕಾಡಿದ್ದು. ನರಸಿಂಹರಾಜು ಅವರ ಆ ನಡಿಗೆ, ಆ ಹಲ್ಲು, ಆ ಹುಸಿ ಆಯಾಸ. ಟೆಂಟಿನಲ್ಲಿದ್ದ ಜನರೆಲ್ಲ ನಗುತ್ತಿದ್ದರು. ಆ ನಗುವಿನ ನಡುವೆ ಒಂದು ಅಪರಿಚಿತ ಧ್ವನಿ ಕೇಳಿ ತಿರುಗಿ ನೋಡಿದರೆ ನಮ್ಮ ತಂದೆಯವರು. ಹೆಗಲ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತ, ಉಸಿರು ಸಿಗದವರಂತೆ ನಗುತ್ತಿದ್ದರು. ಅಮ್ಮ ಗಾಬರಿಯಿಂದ ಅವರ ತೋಳು ಹಿಡಿದುಕೊಂಡಿದ್ದಳು.

ಮುಂದಿನ ವಾರ ಗುಮಾಸ್ತರು ಬಂದರು. ಬೀದಿಯ ತಿರುವಿನಲ್ಲಿ ಅವರ ಕೊಡೆ ಕಾಣುತ್ತಲೇ ತಂದೆಯವರು ಒಳಗೆ ಬಂದು, ನಕ್ಷತ್ರಿಕನ ಸವಾರಿ ಬಂತೆಂದು ಅಮ್ಮನಿಗೆ ಪಿಸುಗುಟ್ಟಿದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸಾಲ ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ. ಆದರೆ ಅಂದು ತಂದೆಯವರು ಕೈಕಟ್ಟಿ ನಿಲ್ಲಲಿಲ್ಲ. ಜಗಲಿಯ ಇನ್ನೊಂದು ತುದಿಯಲ್ಲಿ ತಾವೂ ಕುಳಿತು, ಎಷ್ಟು ಕಂತಿನಲ್ಲಿ ತೀರಿಸಬಲ್ಲೆನೆಂದು ಮಾತಿಗೆ ತೊಡಗಿದರು. ಭಯಕ್ಕೆ ಒಂದು ನಗೆಯ ಹೆಸರು ಸಿಕ್ಕಿತು, ಹೆಸರು ಸಿಕ್ಕ ಮೇಲೆ ಭಯದ ಗಾತ್ರ ಇಳಿಯಿತು. ಆ ಹೆಸರನ್ನು ಕೊಟ್ಟ ಪುರಾಣ ಎಷ್ಟೋ ಶತಮಾನ ಹಳೆಯದು, ನಮ್ಮ ತಂದೆಯವರಿಗೂ ಗೊತ್ತಿದ್ದದ್ದೇ. ಗೊತ್ತಿದ್ದ ಆ ಹೆಸರಿಗೆ ನಗುವ ಅಧಿಕಾರವನ್ನು ಕೊಟ್ಟವರು ಮಾತ್ರ ತಿಪಟೂರಿನ ನರಸಿಂಹರಾಜು.

ಹಾಸ್ಯದ ಉಪಯೋಗವೇನೆಂದು ಕೇಳುವ ಗಂಭೀರರಿಗೆ ನನ್ನ ಬಳಿ ಇದಕ್ಕಿಂತ ಬೇರೆ ಉತ್ತರವಿಲ್ಲ.

ಅವರ ಕಲೆಯ ಬಗ್ಗೆ ಯೋಚಿಸಿದಾಗ ನನಗೆ ಮುಖ್ಯವೆನಿಸುವುದು ಅವರು ತಮ್ಮ ದೇಹವನ್ನೇ ಮೊದಲು ನಗೆಗೆ ಒಡ್ಡುತ್ತಿದ್ದ ಬಗೆ. ಸಣಕಲು ಮೈ, ಮುಂಚಾಚಿದ ಹಲ್ಲು, ಗಾಬರಿಯ ಕಣ್ಣು. ಬೇರೆಯವರಾದರೆ ಮುಚ್ಚಿಡಲು ಹೆಣಗುತ್ತಿದ್ದ ಚಹರೆಯನ್ನು ಅವರು ಬಂಡವಾಳ ಮಾಡಿಕೊಂಡರು. ಅವರು ಕಟ್ಟಿಕೊಟ್ಟ ಪಾತ್ರಗಳು ಹೇಡಿಗಳು, ಹೊಟ್ಟೆಬಾಕರು, ಜಂಬಗಾರರು, ಪುಕ್ಕಲು ಪ್ರೇಮಿಗಳು. ಎಂದರೆ ನಾವೆಲ್ಲ. ನಾಯಕನಂತೆ ಆಗಬೇಕೆಂಬುದು ನಮ್ಮ ಆಸೆ, ನರಸಿಂಹರಾಜು ಅವರಂತೆ ಇದ್ದೇವೆಂಬುದು ನಮ್ಮ ಸ್ಥಿತಿ. ತೆರೆಯ ಮೇಲೆ ಅವರು ಓಡಿಹೋದಾಗ ನಾವು ನಮ್ಮ ಹೇಡಿತನವನ್ನು ಕ್ಷಮಿಸಿಕೊಳ್ಳುತ್ತಿದ್ದೆವು.

ಹಾಗೆಂದು ಅವರ 250 ಚಿತ್ರಗಳೆಲ್ಲ ರತ್ನಗಳೆಂದು ನಾನು ವಾದಿಸುವುದಿಲ್ಲ. ಕಥೆಗೆ ಸಂಬಂಧವಿಲ್ಲದೆ ನಡುವೆ ತುರುಕಿದ ಹಾಸ್ಯದ ತುಣುಕುಗಳು ಬೇಕಾದಷ್ಟಿವೆ. ಗಯ್ಯಾಳಿ ಹೆಂಡತಿ, ದಡ್ಡ ಆಳು ಮೊದಲಾದ ಅಂದಿನ ಸಿದ್ಧ ಅಚ್ಚುಗಳಲ್ಲಿ ಕೆಲವು ಇಂದು ನಗು ತರಿಸುವುದಿಲ್ಲ, ಮುಜುಗರ ತರಿಸುತ್ತವೆ. ಆದರೆ ಸಪ್ಪೆ ಸಂಭಾಷಣೆಯನ್ನೂ ಒಂದು ನೋಟದಿಂದ, ಒಂದು ಎಡವುವಿಕೆಯಿಂದ ಎತ್ತಿ ನಿಲ್ಲಿಸುತ್ತಿದ್ದುದು ಅವರ ಶಕ್ತಿ. ಬರೆದವರ ಬಡತನವನ್ನು ನಟನೊಬ್ಬ ತನ್ನ ಬೆವರಿನಿಂದ ತುಂಬಿಕೊಟ್ಟದ್ದು ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ.

1979ರ ಜುಲೈ ನನಗೆ ಚೆನ್ನಾಗಿ ನೆನಪಿದೆ. ಎಂ.ಎ. ಅರ್ಥಶಾಸ್ತ್ರ ಓದಲೆಂದು ಮೈಸೂರಿನ ಮಾನಸಗಂಗೋತ್ರಿಗೆ ಸೇರಿದ್ದ ಹೊಸತು. ನಮ್ಮೂರಿನ ಕಡೆಯ ಸಹಪಾಠಿಯೊಬ್ಬನಿಂದಾಗಿ ನನ್ನ ಅಡ್ಡಹೆಸರು ಹಾಸ್ಟೆಲಿಗೂ ಬಂದಿತ್ತು. ಒಂದು ಬೆಳಿಗ್ಗೆ ಊಟದ ಹಾಲಿನಲ್ಲಿ ಪತ್ರಿಕೆ ಕೈಯಿಂದ ಕೈಗೆ ಹೋಗುತ್ತಿತ್ತು. ನರಸಿಂಹರಾಜು ಹೃದಯಾಘಾತದಿಂದ ತೀರಿಕೊಂಡಿದ್ದರು. ಆ ಸಹಪಾಠಿ ಅಭ್ಯಾಸಬಲದಿಂದ ನನ್ನನ್ನು ಹಳೆಯ ಹೆಸರು ಹಿಡಿದು ಕರೆಯಲು ಬಾಯಿ ತೆರೆದವನು ನಡುವೆಯೇ ನಿಂತ. ಯಾರೂ ನಗಲಿಲ್ಲ. ಅಂದಿನಿಂದ ಆ ಹೆಸರಿನಲ್ಲಿ ಯಾರೂ ನನ್ನನ್ನು ಕರೆಯಲಿಲ್ಲ. ಹತ್ತು ಹನ್ನೆರಡು ವರ್ಷ ನಾನು ದ್ವೇಷಿಸಿದ್ದ ಹೆಸರು ಹೋದ ಮೇಲೆ ಏನನ್ನೋ ಕಳೆದುಕೊಂಡಂತೆ ಆದದ್ದೇಕೆಂದು ಆಗ ಅರ್ಥವಾಗಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಸೇವೆಗೆ ಸೇರಿದೆ. ಬ್ಯಾಂಕು, ಸಹಕಾರ ಸಂಘಗಳ ಸುಸ್ತಿ ಸಾಲಗಳನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುವುದು ನಮ್ಮ ಕೆಲಸಗಳಲ್ಲಿ ಒಂದಾಗಿತ್ತು. ನಮ್ಮ ಜೀಪು ಕಂಡೊಡನೆ ಹಳ್ಳಿಯ ಜಗಲಿಗಳಲ್ಲಿ ಮಾತು ನಿಲ್ಲುತ್ತಿತ್ತು. ಒಂದು ಊರಿನಲ್ಲಿ, ನಾವು ಬೆನ್ನು ತಿರುಗಿಸಿದ ಮೇಲೆ, ನಕ್ಷತ್ರಿಕ ಹೋದ ಎಂಬರ್ಥದ ಮಾತೊಂದು ಕಿವಿಗೆ ಬಿತ್ತು, ಅದರ ಹಿಂದೆಯೇ ಹೆಂಗಸರ ನಗು. ಸಿಟ್ಟು ನೆತ್ತಿಗೇರಿತು. ನಮ್ಮ ತಂದೆಯವರ ಜಗಲಿ ಆಗ ನೆನಪಾಗಲಿಲ್ಲ. ಅಧಿಕಾರವೆಂಬುದು ನೆನಪಿನ ಮೇಲೆ ಎಂಥ ಪರದೆ ಎಳೆಯುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಅವರು ನಗುತ್ತಿದ್ದುದು ನನ್ನನ್ನು ಕೀಳುಮಾಡಲಿಕ್ಕಲ್ಲ, ತಮ್ಮನ್ನು ಉಳಿಸಿಕೊಳ್ಳಲಿಕ್ಕೆ ಎಂದು ಈಗ ತಿಳಿಯುತ್ತದೆ.

ಸಿನಿಮಾ ನಿಯಂತ್ರಣ ಕಾಯಿದೆಯ ಅನ್ವಯ ಟೂರಿಂಗ್ ಟಾಕೀಸುಗಳ ತಪಾಸಣೆಯೂ ಆಗ ನಮ್ಮ ಪಾಲಿಗೆ ಬರುತ್ತಿತ್ತು. ಬೆಂಕಿ ಆರಿಸುವ ಮರಳಿನ ಬಕೆಟ್ಟುಗಳು ಇವೆಯೇ, ಹೊರಬಾಗಿಲು ಅಗಲವಿದೆಯೇ ಎಂದು ನೋಡುವ ಕೆಲಸ. ಒಂದು ರಾತ್ರಿ ಟೆಂಟಿನ ಹೊರಗೆ ಕಡತ ಹಿಡಿದು ನಿಂತಿದ್ದಾಗ ಒಳಗಿನಿಂದ ನಗೆಯ ಅಲೆ ಬಂತು. ಗೀರುಬಿದ್ದ ಹಳೆಯ ಪ್ರಿಂಟಿನಲ್ಲಿ ನರಸಿಂಹರಾಜು ಧ್ವನಿ. ತೀರಿಹೋಗಿ ವರ್ಷಗಳಾದ ಮನುಷ್ಯ ಒಳಗೆ ಜನರನ್ನು ನಗಿಸುತ್ತಿದ್ದ, ಜೀವಂತ ಅಧಿಕಾರಿ ಹೊರಗೆ ಮರಳಿನ ಬಕೆಟ್ಟು ಎಣಿಸುತ್ತಿದ್ದ. ಯಾರ ಕೆಲಸ ಸಮಾಜಕ್ಕೆ ಹೆಚ್ಚು ಬೇಕಾದದ್ದು ಎಂಬ ಪ್ರಶ್ನೆಗೆ ನನ್ನ ಪಠ್ಯಪುಸ್ತಕಗಳಲ್ಲಿ ಸೂತ್ರವಿರಲಿಲ್ಲ.

ಮನ್ನಣೆಯ ವಿಚಾರಕ್ಕೆ ಬರೋಣ. ತೆಲುಗಿನ ಹಾಸ್ಯನಟ ರೇಲಂಗಿಯವರಿಗೆ 1970ರಲ್ಲಿ ಪದ್ಮಶ್ರೀ ಸಂದಿತು. ಗುಬ್ಬಿ ವೀರಣ್ಣನವರಿಗೆ 1972ರಲ್ಲಿ ಬಂತು. ಅದೇ ಹಳಿಯ ಮುಂದಿನ ಊರಿನ ನರಸಿಂಹರಾಜು ಪದ್ಮ ಪುರಸ್ಕೃತರ ಪಟ್ಟಿಯಲ್ಲಿಲ್ಲ. ಜನರು ಪ್ರೀತಿಯಿಂದ ಕೊಟ್ಟ ಹಾಸ್ಯ ಚಕ್ರವರ್ತಿ ಎಂಬ ಬಿರುದೇ ಅವರ ಪಾಲಿನ ದೊಡ್ಡ ಪದವಿಯಾಗಿ ಉಳಿಯಿತು. ಅವರು ಬದುಕಿದ್ದು ಐವತ್ತಾರಕ್ಕೂ ಕಡಿಮೆ ವರ್ಷ. ನಮ್ಮಲ್ಲಿ ಗೌರವಗಳು ನರೆತ ತಲೆಯನ್ನು ಹುಡುಕಿಕೊಂಡು ಬರುತ್ತವೆ ಎಂಬ ಸಮಾಧಾನ ಹೇಳಬಹುದು. ನನಗೆ ಕಾಣುವ ಕಾರಣ ಬೇರೆ. ನಗುವನ್ನು ನಾವು ಉಚಿತವಾಗಿ ಸಿಗುವ ಸರಕೆಂದು ಬಗೆದಿದ್ದೇವೆ. ಅಳಿಸಿದವನನ್ನು ಕಲಾವಿದ ಎನ್ನುತ್ತೇವೆ, ನಗಿಸಿದವನನ್ನು ಕೋಡಂಗಿ ಎನ್ನುತ್ತೇವೆ. ಬೆಲೆ ಕಟ್ಟಲಾಗದ್ದಕ್ಕೆ ಬೆಲೆಯೇ ಇಲ್ಲವೆಂದು ತಿಳಿಯುವುದು ಅರ್ಥಶಾಸ್ತ್ರದ ಹಳೆಯ ತಪ್ಪು, ಅದು ಸಮಾಜದ ತಪ್ಪೂ ಹೌದು.

2008ರಲ್ಲಿ ‘ಸತ್ಯ ಹರಿಶ್ಚಂದ್ರ’ ಚಿತ್ರಕ್ಕೆ ಡಿಜಿಟಲ್ ತಂತ್ರಜ್ಞಾನದಿಂದ ಬಣ್ಣ ತುಂಬಿ ಮರುಬಿಡುಗಡೆ ಮಾಡಿದರು. ಕಾಲೇಜು ಓದುತ್ತಿದ್ದ ಮಗಳನ್ನು ಕರೆದುಕೊಂಡು ಬೆಂಗಳೂರಿನ ಚಿತ್ರಮಂದಿರಕ್ಕೆ ಹೋದೆ. ಪೌರಾಣಿಕವೆಂದು ಮೂಗು ಮುರಿದಿದ್ದ ಅವಳು ನಕ್ಷತ್ರಿಕ ಬಂದ ಮೇಲೆ ನೆಟ್ಟಗೆ ಕುಳಿತಳು, ಸ್ವಲ್ಪ ಹೊತ್ತಿಗೆ ಬಾಯಿ ತುಂಬ ನಗುತ್ತಿದ್ದಳು. ನನ್ನ ಕಣ್ಣು ತುಂಬಿದ್ದನ್ನು ಕಂಡು ಕಾರಣ ಕೇಳಿದಳು. ತಾತನ ಸಾಲದ ಕಥೆಯನ್ನು ಅಂದು ಮೊದಲ ಬಾರಿಗೆ ಅವಳಿಗೆ ಹೇಳಿದೆ. ಸಾಲದ ವಿಷಯವನ್ನು ಮಕ್ಕಳಿಂದ ಮುಚ್ಚಿಡುವುದು ನಮ್ಮ ಮನೆತನದ ರೂಢಿಯಾಗಿತ್ತು. ಆ ರೂಢಿಯನ್ನೂ ನರಸಿಂಹರಾಜು ಮುರಿದರು.

ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಒಂದು ಪ್ರತಿಯನ್ನೂ ನಾವು ಉಳಿಸಿಕೊಳ್ಳಲಿಲ್ಲ. ನರಸಿಂಹರಾಜು ಅವರ ಚಿತ್ರಗಳಿಗೂ ಅದೇ ಗತಿ ಬರಬಾರದು. ಅವರು ನಟಿಸಿದ ಎಲ್ಲ ಚಿತ್ರಗಳ ಒಂದು ಪ್ರಮಾಣಬದ್ಧ ಪಟ್ಟಿ, ಅವುಗಳಲ್ಲಿ ಯಾವುದರ ಪ್ರತಿ ಎಲ್ಲಿದೆ ಎಂಬ ಶೋಧ, ಉಳಿದಿರುವ ಪ್ರತಿಗಳ ಡಿಜಿಟಲೀಕರಣ: ಇವು ಭಾರಿ ಹಣ ಬೇಡುವ ಕೆಲಸಗಳಲ್ಲ, ಶ್ರದ್ಧೆ ಬೇಡುವ ಕೆಲಸಗಳು. ಕೊಬ್ಬರಿಯ ಧಾರಣೆ ಕುಸಿದಾಗ ತಿಪಟೂರಿನಲ್ಲಿ ಧರಣಿ ಕೂರುವ ನಮ್ಮ ಜನ ತಮ್ಮ ಊರಿನ ಈ ಬೆಳೆಗೂ ಒಂದು ಬೆಂಬಲ ಬೆಲೆ ಕೇಳಬೇಕು. ವರ್ಷಕ್ಕೊಮ್ಮೆ, ಜುಲೈ ತಿಂಗಳಲ್ಲಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಶಾಲಾಮಕ್ಕಳಿಗೆ ಅವರ ಒಂದು ಚಿತ್ರ ತೋರಿಸಿದರೂ ಸಾಕು. ಆ ಮಕ್ಕಳಲ್ಲಿ ಹಲ್ಲು ಮುಂದೆ ಬಂದವನೊಬ್ಬ ಇದ್ದೇ ಇರುತ್ತಾನೆ. ತನ್ನ ಮುಖದಂಥ ಮುಖಕ್ಕಾಗಿ ಒಂದು ನಾಡು ಟಿಕೆಟ್ ಕೊಂಡು ಸಾಲು ನಿಂತಿತ್ತೆಂದು ಅವನಿಗೆ ಗೊತ್ತಾಗಲಿ.

ನಮ್ಮ ತಂದೆಯವರು ಮಂಡಿಯ ಸಾಲವನ್ನು ಮೂರು ವರ್ಷಗಳಲ್ಲಿ ತೀರಿಸಿದರು. ಕೊನೆಯ ಕಂತಿನ ದಿನ ಆ ಗುಮಾಸ್ತರಿಗೆ ಮನೆಯಲ್ಲಿ ಹೋಳಿಗೆ ಊಟ. ಊಟ ಮುಗಿಸಿ ಹೊರಟವರನ್ನು ತಂದೆಯವರು ಬೀದಿಯ ತಿರುವಿನವರೆಗೂ ಕಳಿಸಿ ಬಂದರು. ಚೀಟಿಯನ್ನು ಅಮ್ಮನ ಕೈಗೆ ಕೊಟ್ಟು, ಅದನ್ನು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇಡಲು ಹೇಳಿದರು. ಆ ಚೀಟಿ ಈಗಲೂ ನನ್ನ ಬಳಿ ಇದೆ. ಅಂದು ಟೆಂಟಿನಲ್ಲಿ ನಾವು ಪಡೆದು ಬಂದದ್ದಕ್ಕೆ ಮಾತ್ರ ಇನ್ನೂ ಚೀಟಿ ಹರಿದಿಲ್ಲ.